ಸ್ಕ್ರೂಡ್ರೈವರ್‌ಗಿಂತ ಮೊದಲು ಸೂಜಿ

ಬೆಳಗಾವಿ ಹತ್ತಿರದ ನಮ್ಮ ಸಾಂಬ್ರಾದಲ್ಲಿ ಹಳೆಯ ಹೊಲಿಗೆ ಮಷಿನ್ ಇಲ್ಲದ ಓಣಿ ಸಿಗುವುದು ಕಷ್ಟ. ಕೆಲವು ಮನೆಯಲ್ಲಿ ಅದರ ಮೇಲೆ ಟಿವಿ ಕೂತಿದೆ, ಕೆಲವು ಕಡೆ ಅದು ಗುಜರಿಯವನ ದಾರಿ ಕಾಯುತ್ತಿದೆ. ನಾನು ಕುಪ್ಪಸ ಹೊಲಿಯುವವಳು. ಊರಲ್ಲೇ ಏರ್‌ಫೋರ್ಸ್ ಸ್ಟೇಷನ್ ಇರುವುದರಿಂದ ಯೂನಿಫಾರ್ಮ್ ಪ್ಯಾಂಟಿನ ಅಂಚು ಮಡಚುವ ಕೆಲಸವೂ ಬರುತ್ತದೆ. ಆದರೆ ಈಚೆಗೆ ಜನ ಕರೆಯುವುದು ಬೇರೆ ಕೆಲಸಕ್ಕೆ: “ಅಕ್ಕಾರ, ಮಷಿನ್ ಕೆಟ್ಟೈತಿ, ಒಂದೀಟು ನೋಡ್ರಿ.” ಹೋಗಿ ನೋಡಿದರೆ ಬಹಳ ಸಲ ಕೆಟ್ಟಿರುವುದೇ ಇಲ್ಲ. ಎಣ್ಣೆ ಒಣಗಿರುತ್ತದೆ, ನೂಲಿನ ಧೂಳು ಗಟ್ಟಿಯಾಗಿರುತ್ತದೆ, ಇಲ್ಲವೇ ಸೂಜಿ ತಿರುಗಮುರುಗ ಕೂತಿರುತ್ತದೆ.

ನನ್ನದು ಅತ್ತೆಯವರ ಕಾಲದ ಸಿಂಗರ್, 15ನೇ ಕ್ಲಾಸಿನದು. ಅದರ ನಂಬರಿನ ಮುಂದಿನ ಎರಡಕ್ಷರ ‘ಇ’ಯಿಂದ ಶುರುವಾಗುವುದರಿಂದ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದೆಂದು ಗೊತ್ತಾಗುತ್ತದೆ. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಹಾಗೆಂದು ಸಾಮಾನಿಗೆ ತೊಂದರೆಯಿಲ್ಲ. ನಮ್ಮ ಉಷಾ ಕಂಪನಿಯ ಮಾಮೂಲಿ ಕಪ್ಪು ಮಷಿನ್ನು ಇದೇ ನಮೂನೆಯದು. ಸೂಜಿ, ಬಾಬಿನ್ ಎಲ್ಲ ಬೆಳಗಾವಿ ಪೇಟೆಯಲ್ಲಿ ಸಿಗುತ್ತವೆ.

ಯಂತ್ರಗಳ ಮೇಲೆ ಅಷ್ಟು ಅನುಮಾನವಿದ್ದ ಗಾಂಧೀಜಿ ಕೂಡ ಸಿಂಗರ್ ಹೊಲಿಗೆ ಮಷಿನ್ನಿಗೆ ವಿನಾಯಿತಿ ಕೊಟ್ಟಿದ್ದರು. ಆ ಮಾತು 1924ರ ನವೆಂಬರಿನ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಯಿತು. ಮರುತಿಂಗಳೇ ಅವರು ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಮನುಷ್ಯನ ಶ್ರಮ ಕಡಿಮೆ ಮಾಡುವ ಯಂತ್ರ ಇದು ಎಂಬುದು ಅವರ ಕಾರಣ. ಮನೆಯಲ್ಲೇ ಕೂತು ಬಿಚ್ಚಿ ಜೋಡಿಸಬಹುದು ಎಂಬುದು ನನ್ನ ಕಾರಣ.

ನನ್ನ ನಿಯಮ ಒಂದೇ: ಖರ್ಚಿಲ್ಲದ ಕೆಲಸ ಮೊದಲು, ಖರ್ಚಿನದು ಕಡೆಗೆ.

ಮೊದಲು ಸೂಜಿ ಬದಲಿಸಿ. ನೂಲು ಹರಿಯುವುದು, ಹೊಲಿಗೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಸೂಜಿಯ ಒಂದು ಬದಿಗೆ ಉದ್ದ ತೋಡು ಇರುತ್ತದೆ. ನೂಲು ಆ ಬದಿಯಿಂದಲೇ ಕಣ್ಣಿಗೆ ಹೋಗಬೇಕು. ಸಾಧಾರಣ ಬಟ್ಟೆಗೆ 14 ನಂಬರ್, ದಪ್ಪ ಬಟ್ಟೆಗೆ 16 ಅಥವಾ 18.

ಬಟ್ಟೆಯ ಕೆಳಗೆ ನೂಲು ಗೊಂಚಲಾದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ತಪ್ಪು ಹೆಚ್ಚಾಗಿ ಮೇಲಿನ ಟೆನ್ಷನ್ನಿನದು. ಬಟ್ಟೆ ಒತ್ತುವ ಕಾಲು ಕೆಳಗಿದ್ದಾಗ ನೂಲು ಪೋಣಿಸಿದರೆ ಅದು ಟೆನ್ಷನ್ನಿನ ಎರಡು ತಟ್ಟೆಗಳ ನಡುವೆ ಸರಿಯಾಗಿ ಕೂರುವುದಿಲ್ಲ. ಕಾಲೆತ್ತಿ ಪೋಣಿಸಿ. ತಟ್ಟೆಗಳ ನಡುವೆ ಅರಿವೆ ಚೂರು ಎಳೆದರೆ ಸಿಕ್ಕಿಕೊಂಡ ಎಳೆ ಹೊರಬರುತ್ತದೆ. ಬಾಬಿನ್ ಡಬ್ಬಿಯ ಪರೀಕ್ಷೆಯೂ ಸುಲಭ: ನೂಲು ಹಿಡಿದು ತೂಗುಬಿಡಿ. ತಾನಾಗಿ ಜಾರಬಾರದು, ಕೈ ಸ್ವಲ್ಪ ಜಗ್ಗಿದರೆ ಒಂದಿಷ್ಟು ಇಳಿಯಬೇಕು.

ಪೆಡಲ್ ಬಿಗಿಯಾಗಿದ್ದರೆ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿರುತ್ತಾರೆ. ಅಡುಗೆ ಎಣ್ಣೆ, ತಲೆ ಎಣ್ಣೆ ಒಣಗಿ ಅಂಟಾಗುತ್ತವೆ. ನಮ್ಮ ಕಡೆ ಚಿಮಣಿ ಎಣ್ಣೆ ಎನ್ನುವ ಸೀಮೆಎಣ್ಣೆಯನ್ನು ತೂತುಗಳಿಗೆ ಹನಿಸಿ, ಕೈಚಕ್ರ ತಿರುವಿ, ಒಂದು ರಾತ್ರಿ ಬಿಡಿ. ಅದು ತೊಳೆಯುತ್ತದೆಯೇ ಹೊರತು ಜಾರಿಕೆ ಕೊಡುವುದಿಲ್ಲ. ಮರುದಿನ ಒರೆಸಿ ಮಷಿನ್ ಎಣ್ಣೆಯನ್ನೇ ಬಿಡಬೇಕು. ಮೇಲಿನ ಬಂಗಾರದ ಚಿತ್ತಾರಕ್ಕೆ ಸ್ಪಿರಿಟ್ ಮುಟ್ಟಿಸಬೇಡಿ. ಅದರ ಮೇಲಿರುವುದು ಅರಗಿನ ಮೆರುಗು, ಸ್ಪಿರಿಟ್ಟಿಗೆ ಕರಗುತ್ತದೆ.

ಚಕ್ರ ತಿರುಗುತ್ತದೆ, ಸೂಜಿ ಅಲುಗುವುದಿಲ್ಲ ಎಂಬ ದೂರು ಬಹಳ. ಬಾಬಿನ್ ಸುತ್ತುವಾಗ ಕೈಚಕ್ರದ ನಡುವಿನ ದೊಡ್ಡ ತಿರುಪನ್ನು ಸಡಿಲಿಸಿ ಮರೆತಿರುತ್ತಾರೆ. ಬಿಗಿ ಮಾಡಿದರೂ ಹಿಡಿಯದಿದ್ದರೆ ಅದರ ಮೇಲಿನ ಚಿಕ್ಕ ಸ್ಕ್ರೂ ಸಡಿಲಿಸಿ ದೊಡ್ಡದನ್ನು ಬಿಚ್ಚಿ. ಒಳಗೊಂದು ವಾಷರ್ ಇದೆ: ಒಳಬದಿಗೆ ಎರಡು ಕಿವಿ, ಹೊರಬದಿಗೆ ಮೂರು. ಒಳಗಿನ ಕಿವಿಗಳು ಸ್ವಲ್ಪ ಬಾಗಿರುತ್ತವೆ; ಆ ಬಾಗು ಹೊರಮುಖವಾಗಿರಬೇಕು. ಜಿಡ್ಡು ಒರೆಸಿ ಕೂರಿಸಿದ ಮೇಲೂ ಸರಿಹೋಗದಿದ್ದರೆ ವಾಷರನ್ನು ಅರ್ಧ ಸುತ್ತು ತಿರುಗಿಸಿ ಹಾಕಿ.

ನಮ್ಮ ಮಳೆಗಾಲ ಬೇರೆ ಪೀಡೆ. ಚರ್ಮದ ಪಟ್ಟಾ ಸಡಿಲಾಗಿ ಜಾರುತ್ತದೆ. ಒಂದು ಚೂರು ಕತ್ತರಿಸಿ, ಹೊಸ ತೂತು ಹೊಡೆದು, ಕೊಂಡಿ ಹಾಕಿದರಾಯಿತು. ಖಾನಾಪುರದ ಕಡೆ ಮಳೆ ಇನ್ನೂ ಜೋರು. ಅಲ್ಲಿಯವರು ಜೂನ್ ಬರುವ ಮೊದಲೇ ಸೂಜಿ ಕಂಬಿ, ಶಟಲ್, ಕೆಳಗಿನ ಹಲ್ಲುಗಳಿಗೆ ಎಣ್ಣೆ ಸವರಿಟ್ಟರೆ ತುಕ್ಕು ಹತ್ತುವುದಿಲ್ಲ.

ಎರಡು ಕೆಲಸಕ್ಕೆ ನೀವಾಗಿ ಕೈಹಾಕಬೇಡಿ. ಒಂದು, ಶಟಲ್ಲಿನ ಟೈಮಿಂಗ್. ಸೂಜಿ ಪೂರ್ತಿ ಇಳಿದು ಎರಡು-ಎರಡೂವರೆ ಮಿಲಿಮೀಟರ್ ಮೇಲೆದ್ದ ಗಳಿಗೆಯಲ್ಲೇ ಶಟಲ್ಲಿನ ಮೊನೆ ಬಂದು ನೂಲಿನ ಕುಣಿಕೆ ಹಿಡಿಯಬೇಕು. ಈ ಟೈಮಿಂಗ್ ತಪ್ಪಿದರೆ ಮೇಸ್ತ್ರಿಯೇ ಸರಿ. ಇನ್ನೊಂದು, ಸ್ಕ್ರೂ ಕಳೆದರೆ ಹಾರ್ಡ್‌ವೇರ್ ಅಂಗಡಿಯದನ್ನು ಒತ್ತಿ ತಿರುಗಿಸುವುದು. ಸಿಂಗರ್ ತನ್ನದೇ ಅಳತೆಯ ಮರೆಯನ್ನು, ಅಂದರೆ ಸ್ಕ್ರೂವಿನ ಸುತ್ತುಗೆರೆಯನ್ನು, ಬಳಸುತ್ತಿತ್ತು. ಬೇರೆ ಸ್ಕ್ರೂ ಹಾಕಿದರೆ ಮರೆ ಹಾಳಾಗುತ್ತದೆ. ಹಳೆ ಮಷಿನ್ನಿನ ಸ್ಕ್ರೂ ಹುಡುಕಿ, ಸಿಗದಿದ್ದರೆ ನಮೂನೆ ಹಿಡಿದು ಬೆಳಗಾವಿಯ ಉದ್ಯಮಬಾಗದ ಲೇಥಿನವರ ಹತ್ತಿರ ಹೋಗಿ.

ಗುಜರಿಯವನು ಕೊಡುವುದು ಕಬ್ಬಿಣದ ತೂಕದ ಬೆಲೆ. ಅವನನ್ನು ಕರೆಯುವ ಮೊದಲು ಒಂದು ಹೊಸ ಸೂಜಿ, ಒಂದು ಸಣ್ಣ ಬಾಟಲಿ ಮಷಿನ್ ಎಣ್ಣೆ ತಂದು ನೋಡಿ. ಆಮೇಲೂ ಹೊಲಿಯದಿದ್ದರೆ ಮಾತ್ರ ಮೇಸ್ತ್ರಿಗೆ ಹೇಳಿಕಳಿಸಿ.