ಉತ್ತರಿಸಿ... ಆದರೆ ಯಾರಿಗೆ?

ಅಂಚೆ ಕಾರ್ಡಿನ ಕಾಲದಲ್ಲಿ ಉತ್ತರ ಯಾರಿಗೆ ಹೋಗುತ್ತದೆ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ನಮ್ಮ ದೇಶಕ್ಕೆ ಅಂಚೆ ಕಾರ್ಡು ಬಂದದ್ದು 1879ರ ಜುಲೈ ತಿಂಗಳಲ್ಲಿ. ಆಮೇಲೆ ಬಂದ ಜವಾಬು ಕಾರ್ಡನ್ನು ಹಿರಿಯರು ಮರೆತಿರಲಾರರು. ಒಂದಕ್ಕೊಂದು ಕೂಡಿಕೊಂಡ ಎರಡು ಕಾರ್ಡು. ಒಂದರಲ್ಲಿ ನಮ್ಮ ವಿಷಯ ಬರೆಯುವುದು, ಇನ್ನೊಂದರ ಮೇಲೆ ನಮ್ಮ ವಿಳಾಸವನ್ನೇ ಬರೆದು ಹಿಂಬದಿಯನ್ನು ಖಾಲಿ ಬಿಡುವುದು. ಕಾರ್ಡು ತಲುಪಿದವರು ಆ ಅರ್ಧವನ್ನು ಹರಿದು, ನಾಲ್ಕು ಸಾಲು ಗೀಚಿ ಡಬ್ಬಿಗೆ ಹಾಕಿದರಾಯಿತು. ಅದು ಎಲ್ಲಿಗೆ ಹೋಗಬೇಕು ಎಂಬುದು ಬರೆಯುವ ಮೊದಲೇ ತೀರ್ಮಾನವಾಗಿರುತ್ತಿತ್ತು.

ಈಗ ನಮ್ಮ ಕೈಯಲ್ಲಿರುವ ಫೋನಿನಲ್ಲಿ, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ಆ ಕಾರ್ಡಿನ ಜಾಗಕ್ಕೆ ಒಂದು ಪುಟ್ಟ ಗುಂಡಿ ಬಂದು ಕೂತಿದೆ. ಅದರ ಮೇಲೆ ‘ರಿಪ್ಲೈ’ ಎಂದೋ, ‘ಉತ್ತರಿಸಿ’ ಎಂದೋ ಬರೆದಿರುತ್ತದೆ. ಕೆಲವೊಮ್ಮೆ ಅಕ್ಷರವೂ ಇಲ್ಲ, ಎಡಕ್ಕೆ ಬಾಗಿದ ಒಂದು ಬಾಣ ಅಷ್ಟೆ. ಒತ್ತಿದರೆ ನಮ್ಮ ಮಾತು ಬರೆದವರೊಬ್ಬರಿಗೆ ಹೋಗಬಹುದು, ಗುಂಪಿನ ಐನೂರು ಜನರಿಗೂ ಹೋಗಬಹುದು, ಯಾರೂ ಊಹಿಸದ ಇನ್ಯಾರದೋ ಪ್ರಶ್ನೆಯ ಕೆಳಗೆ ಹೋಗಿ ಬೀಳಲೂಬಹುದು. ಸಂಬಂಧ ಕುದುರಿಸುವ ಮಾತು, ಸಂಬಳದ ವಿಚಾರ, ಮೇಲಧಿಕಾರಿಯ ಬಗೆಗಿನ ಗೊಣಗಾಟ, ಮನೆಯ ಫೋನ್ ಸಂಖ್ಯೆ ಎಲ್ಲವೂ ಹೀಗೆ ಬೀದಿಗೆ ಬಿದ್ದಿವೆ. ಆಗೆಲ್ಲ ನಾವು ಹೇಳುವುದು ಒಂದೇ ಮಾತು: ‘ನೋಡಿಕೊಂಡು ಒತ್ತಬಾರದಿತ್ತೇ?’

ತಪ್ಪು ಒತ್ತಿದವರದು ಎನ್ನುವ ಮೊದಲು ಆ ಗುಂಡಿಯನ್ನೂ ಒಮ್ಮೆ ವಿಚಾರಿಸಿಕೊಳ್ಳಬೇಡವೇ? ಅದು ಎಲ್ಲಿದೆ, ಅದರ ಹೆಸರೇನು ಎಂಬ ಎರಡು ಸಣ್ಣ ಪ್ರಶ್ನೆಗಳಲ್ಲಿ ದೊಡ್ಡ ವಿಷಯವೇ ಅಡಗಿದೆ.

ಒಂದೇ ಹೆಸರು, ಎರಡು ದಾರಿ

ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಇ-ಮೇಲ್ ಕಳುಹಿಸಿದವರು ಅಮೆರಿಕದ ರೇ ಟಾಮ್ಲಿನ್ಸನ್. ಅದು 1971ರ ಮಾತು. 1982ರಲ್ಲಿ ಇ-ಮೇಲ್ ಪತ್ರದ ನಮೂನೆಯನ್ನು ನಿಗದಿ ಮಾಡಿದಾಗ ‘ಯಾರಿಂದ’, ‘ಯಾರಿಗೆ’ ಎಂಬ ಸಾಲುಗಳ ಜೊತೆಗೆ ‘ಉತ್ತರ ಇಲ್ಲಿಗೆ ಬರಲಿ’ ಎನ್ನುವ ಇನ್ನೊಂದು ಸಾಲಿಗೂ ಜಾಗ ಕೊಟ್ಟರು. ಹೆಚ್ಚುಕಡಿಮೆ ನಮ್ಮ ಜವಾಬು ಕಾರ್ಡಿನ ಎರಡನೆಯ ಅರ್ಧವೇ. ವ್ಯತ್ಯಾಸವೆಂದರೆ ಕಾರ್ಡಿನ ವಿಳಾಸ ಕಣ್ಣೆದುರಿಗೆ ಇರುತ್ತಿತ್ತು. ಈ ಸಾಲು ಸಾಮಾನ್ಯವಾಗಿ ಮರೆಯಲ್ಲಿರುತ್ತದೆ.

ಈ ಮರೆಯಿಂದಲೇ ತಕರಾರು ಶುರುವಾಯಿತು. ನೂರಾರು ಜನ ಸೇರಿದ ಇ-ಮೇಲ್ ಬಳಗಗಳಲ್ಲಿ ವ್ಯವಸ್ಥಾಪಕರು ಆ ಸಾಲಿನಲ್ಲಿ ಬಳಗದ ವಿಳಾಸವನ್ನೇ ತುಂಬಿಬಿಟ್ಟರೆ, ಬರಿಯ ‘ರಿಪ್ಲೈ’ ಒತ್ತಿದರೂ ಪತ್ರ ಎಲ್ಲರಿಗೂ ಹೋಗುತ್ತದೆ. ತುಂಬದಿದ್ದರೆ ಬರೆದವರೊಬ್ಬರಿಗೇ ಹೋಗುತ್ತದೆ. ಗುಂಡಿ ಅದೇ, ಹೆಸರೂ ಅದೇ, ಪರಿಣಾಮ ಮಾತ್ರ ಬೇರೆ. ಎರಡು ಬಳಗಗಳಲ್ಲಿರುವ ಒಬ್ಬನೇ ಮನುಷ್ಯ ಬೆಳಿಗ್ಗೆ ಒಂದು ಅಭ್ಯಾಸ, ಸಂಜೆ ಇನ್ನೊಂದು ಅಭ್ಯಾಸ ಇಟ್ಟುಕೊಳ್ಳಬೇಕು! ಯಾವುದು ಸರಿ ಎಂದು ಕಂಪ್ಯೂಟರ್ ಬಲ್ಲವರು ವರ್ಷಗಟ್ಟಲೆ ಕಿತ್ತಾಡಿದ್ದಾರೆ.

ಇದಕ್ಕಿಂತ ಅಚ್ಚುಕಟ್ಟಾದ ದಾರಿ ಆಗಲೇ ಇತ್ತು ಎಂಬುದು ಸ್ವಾರಸ್ಯ. 1980ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ಶುರುವಾದ ‘ಯೂಸ್‌ನೆಟ್’ ಎಂಬ ಚರ್ಚಾ ಜಾಲದಲ್ಲಿ ಎರಡು ಕೆಲಸಕ್ಕೆ ಎರಡು ಹೆಸರಿದ್ದವು. ಬರೆದವರಿಗೆ ಖಾಸಗಿಯಾಗಿ ಬರೆಯುವುದಾದರೆ ‘ರಿಪ್ಲೈ’, ಎಲ್ಲರೆದುರು ಚರ್ಚೆ ಮುಂದುವರಿಸುವುದಾದರೆ ‘ಫಾಲೋಅಪ್’. 1984ರಲ್ಲಿ ಲ್ಯಾರಿ ವಾಲ್ ಬರೆದ ಪ್ರಸಿದ್ಧ ಓದುಗ ತಂತ್ರಾಂಶದಲ್ಲಿ ಮೊದಲನೆಯದಕ್ಕೆ ಕೀಲಿಮಣೆಯ ‘ಆರ್’ ಅಕ್ಷರ, ಎರಡನೆಯದಕ್ಕೆ ‘ಎಫ್’. ಹೆಸರು ಬೇರೆ, ಬೆರಳು ಇಡುವ ಜಾಗವೂ ಬೇರೆ. ಮುಂದೆ ಬಂದವರು ಈ ಎರಡನ್ನೂ ಮರೆತು, ‘ರಿಪ್ಲೈ’ ಮತ್ತು ‘ರಿಪ್ಲೈ ಆಲ್’ ಎಂಬ ಅವಳಿಗಳನ್ನು ಒಂದರ ಪಕ್ಕ ಒಂದು ಕೂರಿಸಿದರು.

ಬಿರುಗಾಳಿ ಎದ್ದ ದಿನಗಳು

ಆ ಅವಳಿಗಳ ಆಟಕ್ಕೆ ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. 1997ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಒಳಗೇ ಒಂದು ಪ್ರಸಂಗ ನಡೆಯಿತು. ಸುಮಾರು 13,000 ನೌಕರರ ವಿಳಾಸವಿದ್ದ ಪಟ್ಟಿಯೊಂದಕ್ಕೆ ಒಬ್ಬರು ‘ನನ್ನ ಹೆಸರನ್ನು ಇದರಿಂದ ತೆಗೆಯಿರಿ’ ಎಂದು ಬರೆದರು. ಅದು ಎಲ್ಲರಿಗೂ ಹೋಯಿತು. ‘ನನ್ನದೂ ತೆಗೆಯಿರಿ’ ಎಂದು ಮತ್ತೊಬ್ಬರು, ‘ಹೀಗೆ ಎಲ್ಲರಿಗೂ ಉತ್ತರ ಬರೆಯಬೇಡಿ’ ಎಂದು ಎಲ್ಲರಿಗೂ ಉತ್ತರ ಬರೆದವರು ಮಗದೊಬ್ಬರು! ಸುಮಾರು ಒಂದು ತಾಸಿನಲ್ಲಿ ಒಂದೂವರೆ ಕೋಟಿ ಪತ್ರಗಳು ಹರಿದಾಡಿ ಕಂಪನಿಯ ಅಂಚೆ ವ್ಯವಸ್ಥೆ ಮಕಾಡೆ ಮಲಗಿತು. ಆ ಪಟ್ಟಿಯ ಹೆಸರು ‘ಬೆಡ್‌ಲಾಮ್’. ಅದರಿಂದ ಬದುಕಿ ಬಂದೆವೆಂದು ಟೀ ಶರ್ಟು ಮಾಡಿಸಿಕೊಂಡವರೂ ಇದ್ದರು.

2016ರ ನವೆಂಬರ್‌ನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ನಡೆದದ್ದು ನಗುವ ವಿಷಯವಲ್ಲ. ಪರೀಕ್ಷೆಗೆಂದು ಕಳುಹಿಸಿದ ಒಂದು ಖಾಲಿ ಪತ್ರ ಎಂಟು ಲಕ್ಷಕ್ಕೂ ಹೆಚ್ಚು ಸಿಬ್ಬಂದಿಗೆ ಹೋಯಿತು. ಎಂಟು ಲಕ್ಷದಲ್ಲಿ ನೂರು ಜನರೂ ಎಲ್ಲರಿಗೂ ಉತ್ತರಿಸಿರಲಿಲ್ಲ. ಅಷ್ಟಕ್ಕೇ ಒಂದೂಕಾಲು ತಾಸಿನಲ್ಲಿ ಸುಮಾರು 50 ಕೋಟಿ ಪತ್ರಗಳು ತುಂಬಿಕೊಂಡವು. ವೈದ್ಯರು, ದಾದಿಯರು ಕೆಲಸದ ಪತ್ರಗಳಿಗಾಗಿ ಕಾದು ಕೂರಬೇಕಾಯಿತು.

ಪೈಲಟ್‌ಗಳು ಕಲಿಸಿದ ಪಾಠ

ಓದು ಬಲ್ಲ, ಜವಾಬ್ದಾರಿ ಬಲ್ಲ ಜನರೇ ಹೀಗೆ ತಪ್ಪಿದ್ದೇಕೆ? ಇದಕ್ಕೆ ಉತ್ತರ ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿದೆ. ಬಿ-17 ಬಾಂಬರುಗಳನ್ನು ನೆಲಕ್ಕಿಳಿಸಿದ ಮೇಲೆ ಕೆಲವು ಪೈಲಟ್‌ಗಳು ರೆಕ್ಕೆಯ ಫ್ಲಾಪುಗಳನ್ನು ಮಡಚುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕುಸಿದು ಕೂರುತ್ತಿತ್ತು. ‘ಪೈಲಟ್ ತಪ್ಪು’ ಎಂದು ಕಡತ ಮುಚ್ಚಲಾಗುತ್ತಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಒಳಗೆ ಹೋಗಿ ನೋಡಿದರೆ, ಎರಡೂ ಕೆಲಸದ ಹಿಡಿಗಳು ಅಕ್ಕಪಕ್ಕದಲ್ಲಿದ್ದವು, ನೋಡಲು, ಮುಟ್ಟಲು ಒಂದೇ ತರಹ. ಚಕ್ರದ ಹಿಡಿಗೆ ಪುಟ್ಟ ಚಕ್ರದ ಆಕಾರವನ್ನೂ, ಫ್ಲಾಪಿನ ಹಿಡಿಗೆ ರೆಕ್ಕೆಯಂಚಿನ ಆಕಾರವನ್ನೂ ಕೊಡುವುದು ಅವರು ಸೂಚಿಸಿದ ಪರಿಹಾರ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ಜೋನ್ಸ್ ಇಂತಹ 460 ‘ಪೈಲಟ್ ತಪ್ಪು’ಗಳನ್ನು ಪರಿಶೀಲಿಸಿದಾಗಲೂ ಕಂಡದ್ದು ಇದೇ: ಮನುಷ್ಯನ ಅಜಾಗ್ರತೆ ಎಂದು ಕರೆದದ್ದರಲ್ಲಿ ಬಹುಪಾಲು ಉಪಕರಣದ ರಚನೆಯಲ್ಲೇ ಹುಟ್ಟಿದ ಗೊಂದಲ.

ನಮ್ಮ ಅಂಗೈಯ ಫೋನಿಗೂ ಈ ಮಾತು ಒಪ್ಪುತ್ತದೆ. ಅಕ್ಕಪಕ್ಕ ಇಟ್ಟ ಎರಡು ಬಾಣಗಳಲ್ಲಿ ಒಂದಕ್ಕೆ ಒಂದು ತಲೆ, ಇನ್ನೊಂದಕ್ಕೆ ಎರಡು ತಲೆ. ಚಾಳೀಸು ಬಂದ ಕಣ್ಣಿಗೆ, ಅಲುಗಾಡುವ ಬಸ್ಸಿನಲ್ಲಿ, ಆ ಒಂದು ತಲೆಯ ವ್ಯತ್ಯಾಸ ಕಾಣಬೇಕು!

ಜಾಗ ಎಲ್ಲಿ?

ಹತ್ತು ಜನ ಮಾತಾಡುವ ಕಡೆ ಗುಂಡಿಯ ಜಾಗ ಇನ್ನೂ ಮುಖ್ಯವಾಗುತ್ತದೆ. ಅಡಿಕೆ ಬೆಳೆಗಾರರ ಒಂದು ಚರ್ಚೆಯನ್ನು ಊಹಿಸಿಕೊಳ್ಳಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಾತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಒಬ್ಬರು ಬರೆದಿದ್ದಾರೆ. ‘ಸುಣ್ಣ ಅರ್ಧಕ್ಕೆ ಇಳಿಸಿದರೆ ನಡೆಯುತ್ತದೆಯೇ?’ ಎಂದು ಒಬ್ಬರ ಪ್ರಶ್ನೆ. ‘ಮಳೆ ಬಿಟ್ಟಿಲ್ಲ, ಒಂದೂವರೆ ತಿಂಗಳಾಯಿತು, ಇನ್ನೊಂದು ಸಲ ಹೊಡೆಯಬೇಕೇ?’ ಎಂದು ಇನ್ನೊಬ್ಬರದು. ಅನುಭವಸ್ಥರೊಬ್ಬರು ಎರಡನೆಯವರಿಗೆ ‘ಹೌದು’ ಎಂದು ಉತ್ತರಿಸುತ್ತಾರೆ. ಆ ‘ಹೌದು’ ಮೊದಲನೆಯವರ ಪ್ರಶ್ನೆಯ ಕೆಳಗೆ ಹೋಗಿ ಕೂತರೆ? ಸುಣ್ಣ ಸಾಲದ ದ್ರಾವಣದಲ್ಲಿ ಆಮ್ಲದ ಗುಣ ಉಳಿದು ಎಳೆಗಾಯಿ ಸುಡುತ್ತದೆ. ಬರೆದವರು ಸರಿ, ಓದಿದವರು ಸರಿ, ಬೆಳೆ ಮಾತ್ರ ಹಾಳು.

ಇಂತಹ ಕಡೆ ಎರಡು ಉತ್ತರಗಳಿಗೆ ಎರಡು ಜಾಗ ಬೇಕು. ಒಬ್ಬರ ಮಾತಿಗೆ ಕೊಡುವ ಉತ್ತರದ ಗುಂಡಿ ಆ ಮಾತಿನ ಕೊನೆಯ ಸಾಲಿಗೆ ತಾಗಿಕೊಂಡಿರಬೇಕು. ಒಟ್ಟು ಚರ್ಚೆಗೆ ಹೊಸ ಮಾತು ಸೇರಿಸುವ ಗುಂಡಿ ಎಲ್ಲ ಮಾತುಗಳೂ ಮುಗಿದ ಮೇಲೆ, ಪ್ರತ್ಯೇಕವಾಗಿ ಇರಬೇಕು. ಹತ್ತಿರ ಇದ್ದದ್ದನ್ನು ನಮ್ಮ ಕಣ್ಣು ಒಂದೇ ಗುಂಪೆಂದು ತಿಳಿಯುತ್ತದೆ ಎಂದು ಜರ್ಮನಿಯ ಮ್ಯಾಕ್ಸ್ ವರ್ತೈಮರ್ 1923ರಲ್ಲೇ ತೋರಿಸಿದ್ದರು. ಎರಡು ಮಾತುಗಳ ಸರಿಯಾಗಿ ನಡುವೆ ತೂಗಾಡುವ ಗುಂಡಿ ಮೇಲಿನದಕ್ಕೆ ಸೇರಿದ್ದೋ ಕೆಳಗಿನದಕ್ಕೋ ಎಂದು ಯಾರು ಹೇಳಬೇಕು? ಮಾತಿನ ತಲೆಯ ಮೇಲೆ ಗುಂಡಿ ಇಟ್ಟರೂ ಕಷ್ಟವೇ. ಯಾರಾದರೂ ಉತ್ತರಿಸುವುದು ಓದಿ ಮುಗಿಸಿದ ಮೇಲೆ. ಉದ್ದನೆಯ ಪತ್ರ ಓದಿದವರು ಮತ್ತೆ ಮೇಲಕ್ಕೆ ಹತ್ತಿ ಹೋಗಬೇಕಾದರೆ, ದಾರಿಯಲ್ಲಿ ಕಂಡ ಇನ್ನೊಂದು ಗುಂಡಿಯನ್ನು ಒತ್ತುವುದೇ ಹೆಚ್ಚು.

ಗಾತ್ರವೂ ಬೇಕು. ಬೆರಳಿನಿಂದ ಒತ್ತುವ ಗುಂಡಿ ಸುಮಾರು ಒಂಬತ್ತು ಮಿಲಿಮೀಟರ್‌ನಷ್ಟಾದರೂ ಇರಲಿ ಎನ್ನುತ್ತವೆ ಗೂಗಲ್‌ನ ಮಾರ್ಗಸೂಚಿಗಳು. ‘ಉತ್ತರಿಸಿ’ ಪಕ್ಕದಲ್ಲೇ ‘ಅಳಿಸಿ’ ಎಂಬುದನ್ನು ಇಡುವುದು ಉಪ್ಪಿನ ಡಬ್ಬಿಯ ಪಕ್ಕ ಇಲಿ ಪಾಷಾಣ ಇಟ್ಟಂತೆ.

ಉತ್ತರಿಸುವ ಜಾಗ ಸಿಗದಿದ್ದರೆ ಜನ ಮಾತಾಡದೆಯೇ ಹೋಗುತ್ತಾರೆ ಎಂಬುದಕ್ಕೆ ವಿಕಿಪೀಡಿಯ ಸಾಕ್ಷಿ. ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಸೇರಿ ಮಾತಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂಬ ಸೊಗಸಾದ ಹೆಸರಿದೆ. ಆದರೆ ವಿಕಿಪೀಡಿಯದ ಚರ್ಚಾ ಪುಟಗಳಲ್ಲಿ ಬಹುಕಾಲ ಉತ್ತರದ ಗುಂಡಿಯೇ ಇರಲಿಲ್ಲ. ಇಡೀ ವಿಭಾಗವನ್ನು ತಿದ್ದಲು ತೆರೆದು, ಸರಿಯಾದ ಸಾಲು ಹುಡುಕಿ, ಸಾಲಿನ ಮುಂದೆ ಬೇಕಾದಷ್ಟು ವಿವರಣ ಚಿಹ್ನೆ ಹಾಕಿ, ಕೊನೆಗೆ ನಾಲ್ಕು ಅಲೆಗೆರೆ ಎಳೆದು ಸಹಿ ಮಾಡಬೇಕಿತ್ತು. ಹಳಬರಿಗೆ ಇದು ನೀರು ಕುಡಿದಷ್ಟು ಸುಲಭ, ಹೊಸಬರಿಗೆ ಕಬ್ಬಿಣದ ಕಡಲೆ. 2019ರಲ್ಲಿ ನಾನಾ ಭಾಷೆಗಳ ಸಂಪಾದಕರ ಅಭಿಪ್ರಾಯ ಕೇಳಿದ ವಿಕಿಮೀಡಿಯ ಪ್ರತಿಷ್ಠಾನ, ಮುಂದಿನ ವರ್ಷಗಳಲ್ಲಿ ಪ್ರತಿಯೊಬ್ಬರ ಸಹಿಯ ಪಕ್ಕದಲ್ಲೇ ಉತ್ತರದ ಕೊಂಡಿ ತಂದಿತು. ಪ್ರಯೋಗ ಮಾಡಿ ನೋಡಿದಾಗ, ಬರೆಯಲು ಹೊರಟ ಹೊಸಬರಲ್ಲಿ ಬರೆದು ಮುಗಿಸಿದವರ ಪ್ರಮಾಣ ಹೆಚ್ಚಿತ್ತು.

ಕನ್ನಡದಲ್ಲಿ ಏನೆಂದು ಬರೆಯಬೇಕು?

ಇನ್ನು ಹೆಸರಿನ ವಿಚಾರ. ಇಂಗ್ಲಿಷಿನ ‘ರಿಪ್ಲೈ’, ‘ರಿಪ್ಲೈ ಆಲ್’ ಎರಡೂ ಶುರುವಾಗುವುದು ಒಂದೇ ಪದದಿಂದ. ವ್ಯತ್ಯಾಸ ಬಾಲದಲ್ಲಿದೆ. ಅವಸರದ ಕಣ್ಣು ತಲೆ ನೋಡಿ ಒತ್ತಿಬಿಡುತ್ತದೆ. ನಮ್ಮ ಭಾಷೆಯ ಅನುಕೂಲವೆಂದರೆ ‘ಯಾರಿಗೆ’ ಎಂಬುದು ನಮ್ಮಲ್ಲಿ ಮೊದಲೇ ಬರುತ್ತದೆ. ‘ಇವರಿಗೆ ಉತ್ತರಿಸಿ’, ‘ಎಲ್ಲರಿಗೂ ಉತ್ತರಿಸಿ’. ಶಾಲೆಯಲ್ಲಿ ಉರು ಹೊಡೆದ ಚತುರ್ಥೀ ವಿಭಕ್ತಿ ಇಲ್ಲಿ ಕೆಲಸಕ್ಕೆ ಬರುತ್ತದೆ! ಕಿರಿದಾದ ಪರದೆಯಲ್ಲಿ ಕನ್ನಡದ ಪದ ಹಿಡಿಸದೆ ತುಂಡಾದರೂ ‘ಎಲ್ಲರಿಗೂ’ ಎಂಬ ಎಚ್ಚರಿಕೆ ಉಳಿದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ತುಂಡಾಗುವುದೇ ಆ ಎಚ್ಚರಿಕೆ.

ಆದರೆ ಈ ಅನುಕೂಲವನ್ನು ಬಳಸಿಕೊಳ್ಳದೆ ಎಷ್ಟೋ ಕಡೆ ಬರಿಯ ‘ಉತ್ತರ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ಜವಾಬೋ, ದಿಕ್ಕೋ? ‘ಪ್ರತ್ಯುತ್ತರ’ ಎಂದರೆ ಎದುರು ಮಾತಾಡಿದಂತೆ ಕೇಳುತ್ತದೆ. ‘ಪ್ರತಿಕ್ರಿಯೆ’ ಎಂದರೆ ಹೆಬ್ಬೆರಳು ತೋರಿಸುವುದೋ, ಹೃದಯದ ಚಿತ್ರ ಒತ್ತುವುದೋ, ಬರೆಯುವುದೋ ತಿಳಿಯದು. ‘ಉತ್ತರಿಸು’ ಎಂದು ಏಕವಚನದಲ್ಲಿ ಬರೆದರೆ ಯಂತ್ರ ನಮ್ಮನ್ನು ಗದರಿದಂತಾಗುತ್ತದೆ. ‘ಕಳುಹಿಸು’ ಎನ್ನುವಾಗ ಯಂತ್ರಕ್ಕೆ ಆಜ್ಞೆ ಕೊಡುವವರು ನಾವು, ಸರಿ. ಉತ್ತರ ಬರೆಯಬೇಕಾದವರು ನಾವೇ ತಾನೆ? ಒಂದೇ ಪರದೆಯಲ್ಲಿ ಒಂದು ಕಡೆ ‘ಸು’, ಇನ್ನೊಂದು ಕಡೆ ‘ಸಿ’ ಎಂದಿದ್ದರೆ ಕೇಳುತ್ತಿರುವುದು ಯಾರು, ಹೇಳುತ್ತಿರುವುದು ಯಾರು ಎಂಬುದೇ ಗೊಂದಲ. ಎಲ್ಲ ಕಡೆಯೂ ‘ಸಿ’ ಎಂಬ ಮರ್ಯಾದೆಯ ರೂಪ ಇದ್ದರೆ ಯಾರಿಗೂ ನಷ್ಟವಿಲ್ಲ.

ಒಬ್ಬರ ಮಾತಿಗೆ ‘ಇವರಿಗೆ ಉತ್ತರಿಸಿ’, ಚರ್ಚೆಯ ಕೊನೆಗೆ ‘ನಿಮ್ಮ ಮಾತು ಸೇರಿಸಿ’, ಗುಟ್ಟಾಗಿ ಬರೆಯುವುದಾದರೆ ‘ಇವರೊಬ್ಬರಿಗೇ ಬರೆಯಿರಿ’. ಮೂರು ಕೆಲಸಕ್ಕೆ ಮೂರು ಹೆಸರು. ಇಷ್ಟು ಸಾಕು.

ಒತ್ತಿದ ಮೇಲೆ

ಗುಂಡಿ ಒತ್ತಿದ ಕೂಡಲೇ ತೆರೆಯುವ ಬರೆಯುವ ಜಾಗದ ನೆತ್ತಿಯ ಮೇಲೆ ಯಾರ ಯಾವ ಮಾತಿಗೆ ಉತ್ತರ ಎಂಬುದೂ ಕಾಣುತ್ತಿರಬೇಕು. ವಾಟ್ಸಾಪ್‌ನಲ್ಲಿ ಒಂದು ಸಂದೇಶವನ್ನು ಬಲಕ್ಕೆ ಸರಿಸಿ ಉತ್ತರಿಸಿದರೆ ಮೂಲ ಸಂದೇಶದ ತುಣುಕು ಮೇಲೆ ಬಂದು ಕೂರುವುದನ್ನು ನೋಡಿರುತ್ತೀರಿ. ಗುಂಪಿನಲ್ಲಿದ್ದುಕೊಂಡೇ ಒಬ್ಬರಿಗೆ ಮಾತ್ರ ಬರೆಯುವ ಸೌಲಭ್ಯವನ್ನೂ ಅದು 2018ರಲ್ಲಿ ತಂದಿತು.

‘ಖಂಡಿತ ಕಳುಹಿಸಬೇಕೇ?’ ಎಂದು ಪ್ರತಿ ಸಲ ಕೇಳುವುದರಿಂದ ಪ್ರಯೋಜನ ಕಡಿಮೆ. ನಾಲ್ಕು ಸಲ ಕೇಳಿದ ಮೇಲೆ ಐದನೆಯ ಸಲ ಕೈ ತಾನಾಗಿಯೇ ‘ಹೌದು’ ಒತ್ತುತ್ತದೆ. ಅದಕ್ಕಿಂತ, ಹೋದದ್ದನ್ನು ಹಿಂದಕ್ಕೆ ಕರೆಯಲು ಕೆಲವು ಸೆಕೆಂಡು ಕೊಡುವುದು ಮೇಲು. ಜಿಮೇಲ್ ಈ ಸೌಕರ್ಯವನ್ನು 2009ರಲ್ಲಿ ಪ್ರಯೋಗಕ್ಕೆ ಬಿಟ್ಟು 2015ರಲ್ಲಿ ಎಲ್ಲರಿಗೂ ಕಾಯಂ ಮಾಡಿತು. ಮೂವತ್ತು ಸೆಕೆಂಡಿನವರೆಗೂ ಪತ್ರ ತಡೆಹಿಡಿಯಬಹುದು. ಬಿರುಗಾಳಿಗೆ ಸಿಕ್ಕಿ ನೊಂದಿದ್ದ ಮೈಕ್ರೋಸಾಫ್ಟ್ ಕೂಡ 2020ರಲ್ಲಿ, ಸಾವಿರಾರು ಜನರಿಗೆ ಸಾಲುಸಾಲಾಗಿ ಹೋಗುವ ‘ರಿಪ್ಲೈ ಆಲ್’ ಪತ್ರಗಳನ್ನು ತಾನಾಗಿಯೇ ತಡೆಯುವ ಏರ್ಪಾಡು ಮಾಡಿತು. ಇವೆಲ್ಲ ಕುದುರೆ ಓಡಿದ ಮೇಲೆ ಲಾಯದ ಬಾಗಿಲು ಹಾಕುವ ಉಪಾಯಗಳಲ್ಲ ಎನ್ನಲಾಗದು. ಬಾಗಿಲು ಮೊದಲೇ ಭದ್ರವಾಗಿದ್ದರೆ ಇನ್ನೂ ಒಳ್ಳೆಯದಲ್ಲವೇ?

ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಇಂತಹದೊಂದನ್ನು ರೂಪಿಸುವ ಕನ್ನಡದ ತರುಣರು ತಮ್ಮ ಮನೆಯ ಹಿರಿಯರ ಕೈಗೆ ಫೋನ್ ಕೊಟ್ಟು, ಗುಂಡಿ ಒತ್ತುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಲಿ: ‘ಅಜ್ಜಿ, ಇದನ್ನು ಒತ್ತಿದರೆ ನಿಮ್ಮ ಮಾತು ಯಾರಿಗೆ ಹೋಗುತ್ತದೆ?’ ಅಜ್ಜಿ ತಡವರಿಸದೆ ಹೇಳಿದರೆ ಗುಂಡಿ ಸರಿಯಾಗಿದೆ ಎಂದರ್ಥ. ತಡವರಿಸಿದರೆ ತಿದ್ದಬೇಕಾದದ್ದು ಅಜ್ಜಿಯನ್ನಲ್ಲ.