ಮೈಲೇಜು ಸೋರುವುದೆಲ್ಲಿ? ಹೆದ್ದಾರಿ ಊರುಗಳ ಕಾರಿಗೊಂದು ಲೆಕ್ಕ

ಹಾವೇರಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದವರಿಗಿಂತ 100 ಕಿ.ಮೀ. ವೇಗದಲ್ಲಿ ಹೋದವರಿಗೆ ಉಳಿಯುವುದು ಹೆಚ್ಚೆಂದರೆ ಐದು ನಿಮಿಷ. ಆ ಐದು ನಿಮಿಷಕ್ಕೆ ತೆರುವ ಬೆಲೆ ಮಾತ್ರ ಸಣ್ಣದಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಏರಿದೊಡನೆ ಅದು ಒಂದೂವರೆ ಪಟ್ಟನ್ನೂ ಮೀರುತ್ತದೆ. ಆ ಗಾಳಿಯನ್ನು ಸೀಳಲು ಬೇಕಾದ ಶಕ್ತಿಯೆಲ್ಲ ಪೆಟ್ರೋಲ್ ಟ್ಯಾಂಕಿನಿಂದಲೇ ಬರಬೇಕು.

2024ರ ಜೂನ್‌ನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲ್ ಲೀಟರಿಗೆ 3 ರೂಪಾಯಿ ತುಟ್ಟಿಯಾಗಿ, ಬೆಂಗಳೂರಿನಲ್ಲೇ 102 ರೂಪಾಯಿ ದಾಟಿತ್ತು. ಆ ದರವನ್ನೇ ಹಿಡಿದು ಲೆಕ್ಕ ಹಾಕಬಹುದು. ತಿಂಗಳಿಗೆ 1,200 ಕಿ.ಮೀ. ಓಡುವ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ 80 ಲೀಟರ್ ಬೇಕು. 18 ಕೊಟ್ಟರೆ 67 ಲೀಟರಿನೊಳಗೆ ಮುಗಿಯುತ್ತದೆ. ವ್ಯತ್ಯಾಸ ತಿಂಗಳಿಗೆ 1,300 ರೂಪಾಯಿಗೂ ಹೆಚ್ಚು. ಬಾಡಿಗೆಗೆ ಓಡುವ ಗಾಡಿಯಾದರೆ ಇದರ ಎರಡು ಮೂರು ಪಟ್ಟು. ಹೀಗಾಗಿ ಮೈಲೇಜು ಹೆಚ್ಚಿಸುವ ಸಾಧನ ಎಂದು ಯಾರಾದರೂ ಏನನ್ನಾದರೂ ಮಾರಲು ಬಂದರೆ ಕೊಳ್ಳುವವರಿಗೆ ಕೊರತೆಯಿಲ್ಲ.

ಅಯಸ್ಕಾಂತದ ಮಾಯೆ

ಪೆಟ್ರೋಲ್ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಗಾಳಿಯನ್ನು ಸುತ್ತಿಸಿ ಎಂಜಿನ್ನಿಗೆ ಕಳುಹಿಸುವ ತಿರುಗಣಿ ಇವೆಲ್ಲ ಹೊಸವೇನಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂತಹ ನೂರಕ್ಕೂ ಹೆಚ್ಚು ಸಾಧನಗಳನ್ನು ದಶಕಗಳ ಹಿಂದಿನಿಂದ ಪರೀಕ್ಷಿಸುತ್ತ ಬಂದಿದೆ. ಅವುಗಳಲ್ಲಿ ಅಲ್ಪ ಪ್ರಯೋಜನ ತೋರಿದವು ಬೆರಳೆಣಿಕೆಯಷ್ಟು. ಅವುಗಳಲ್ಲೂ ಕೆಲವು ಹೊಗೆಯ ಮಾಲಿನ್ಯವನ್ನು ಹೆಚ್ಚಿಸಿದವು. ಅಯಸ್ಕಾಂತ ಕಟ್ಟಿದ ಮೇಲೆ ಮೈಲೇಜು ಏರಿತು ಎನ್ನುವವರು ಸುಳ್ಳು ಹೇಳುತ್ತಾರೆಂದಲ್ಲ. ಹಣ ಕೊಟ್ಟು ಕೊಂಡ ವಸ್ತುವನ್ನು ಪರೀಕ್ಷಿಸುವ ವಾರದಲ್ಲಿ ಯಾರೇ ಆದರೂ ತುಸು ಮೆಲ್ಲಗೆ ಓಡಿಸುತ್ತಾರೆ. ಏರಿಕೆಯ ಗುಟ್ಟು ಬಹುಮಟ್ಟಿಗೆ ಅಲ್ಲಿದೆ.

ಏರ್ ಫಿಲ್ಟರಿನ ಕಥೆ ಬೇರೆ. ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಧೂಳು ತುಂಬಿದ ಫಿಲ್ಟರ್ ನಿಜಕ್ಕೂ ಪೆಟ್ರೋಲ್ ಕುಡಿಯುತ್ತಿತ್ತು. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಒಳಬರುವ ಗಾಳಿಯನ್ನು ಅಳೆದೇ ಇಂಧನ ಸಿಂಪಡಿಸುವುದರಿಂದ ಮೈಲೇಜು ಹೆಚ್ಚೇನೂ ಕುಗ್ಗದು, ಎಳೆತ ಮಾತ್ರ ತಗ್ಗುತ್ತದೆ. ಆದರೂ ಬೇಸಗೆಯಲ್ಲಿ ಎರೆಮಣ್ಣಿನ ಹೊಲದಾರಿಗಳಲ್ಲಿ ಓಡುವ ಕಾರಿಗೆ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಅದು ಎಂಜಿನ್ನಿನ ಆಯುಸ್ಸಿನ ಮಾತು.

ಮಾರ್ಪಾಡು ಎಂಬ ಹೆಸರಿನಲ್ಲಿ ಮಾಡಿಸುವ ಬಹುತೇಕ ಕೆಲಸಗಳು ಮೈಲೇಜನ್ನು ತಿನ್ನುತ್ತವೆ. ಅಗಲವಾದ ಟೈರು, ಮೇಲಿನ ಕ್ಯಾರಿಯರ್, ಮುಂದಿನ ಭಾರದ ಕಬ್ಬಿಣದ ಗಾರ್ಡ್ ಮೂರೂ ಅಷ್ಟೇ. ಗಾರ್ಡ್ ಅಳವಡಿಕೆಯನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಮೋಟಾರು ವಾಹನ ಕಾಯ್ದೆಗೆ ವಿರುದ್ಧವೆಂದು ಸಾರಿದೆ. ತಯಾರಕರು ನಿಗದಿಪಡಿಸಿದ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಗ್ಯಾಸ್ ಕಿಟ್ ಹಾಕಿಸುವುದಕ್ಕೆ ಅವಕಾಶವಿದೆ. ಆದರೆ ಮಾನ್ಯತೆ ಪಡೆದ ಕಿಟ್ ಆಗಿರಬೇಕು, ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಇದನ್ನು ಮರೆತವರಿಗೆ ಅಪಘಾತವಾದ ದಿನ ಉಳಿತಾಯದ ಲೆಕ್ಕ ತಲೆಕೆಳಗಾಗುವ ಅಪಾಯವಿದೆ.

ಖಾಲಿ ಕ್ಯಾರಿಯರನ್ನು ವರ್ಷವಿಡೀ ಹೊತ್ತು ತಿರುಗುವ ಟ್ಯಾಕ್ಸಿಗಳು ಮೂರೂ ಊರುಗಳಲ್ಲಿವೆ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಮಾಡಿನ ಮೇಲಿನ ಸಾಮಾನು ಪೆಟ್ಟಿಗೆಯೊಂದು ವೇಗದ ಹೆದ್ದಾರಿಯಲ್ಲಿ ಶೇ. 10ರಿಂದ 25ರಷ್ಟು ಮೈಲೇಜನ್ನು ನುಂಗಬಲ್ಲದು. ಖಾಲಿ ಕ್ಯಾರಿಯರ್ ಅಷ್ಟು ನುಂಗದಿದ್ದರೂ ಬಿಚ್ಚಿಡಲು ಬೇಕಾದುದು ಒಂದು ಪಾನಾ ಮತ್ತು ಹತ್ತು ನಿಮಿಷ.

ಗಾಳಿ ಎಷ್ಟು ಪೌಂಡ್?

ಪಂಕ್ಚರ್ ಅಂಗಡಿಯಲ್ಲಿ ಕೈಯಂದಾಜಿನಲ್ಲಿ ಗಾಳಿ ತುಂಬಿಸಿಕೊಂಡು ಬರುವುದು ನಮ್ಮ ಕಡೆ ವಾಡಿಕೆ. ಸರಿಯಾದ ಒತ್ತಡ ಎಷ್ಟೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ನಾಲ್ಕೂ ಟೈರುಗಳಲ್ಲಿ ಒಂದು ಪೌಂಡ್ ಕಡಿಮೆಯಾದರೆ ಮೈಲೇಜು ಸುಮಾರು ಶೇ. 0.2ರಷ್ಟು ಇಳಿಯುತ್ತದೆ, ಹತ್ತು ಪೌಂಡ್ ಕಡಿಮೆಯಾದರೆ ಶೇ. 2. ಅಂಕಿ ಸಣ್ಣದು. ಆದರೆ ಗಾಳಿ ಕಡಿಮೆಯಾದ ಟೈರು ಕಾವೇರಿ ಹೆದ್ದಾರಿಯಲ್ಲಿ ಸಿಡಿದೀತೆಂಬ ಭಯವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಒತ್ತಡ ನೋಡಬೇಕಾದುದು ಬೆಳಿಗ್ಗೆ, ಗಾಡಿ ಓಡುವ ಮುನ್ನ.

ಹಳೆಯ ಚಾಲಕರು ಬಿಡಲೊಪ್ಪದ ಇನ್ನೊಂದು ಅಭ್ಯಾಸವಿದೆ: ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವುದು. ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ಉಳಿತಾಯವಿದ್ದೀತು. ಈಗಿನ ಕಾರಿನಲ್ಲಿ ಗೇರ್ ಇಟ್ಟುಕೊಂಡು ಎಕ್ಸಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಕಂಪ್ಯೂಟರ್ ಪೆಟ್ರೋಲನ್ನು ಪೂರ್ಣ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ನಿಲ್ಲದಿರಲೆಂದು ಮತ್ತೆ ಪೆಟ್ರೋಲ್ ಹನಿಸಬೇಕಾಗುತ್ತದೆ. ಎಂಜಿನ್ನಿನ ಹಿಡಿತವೂ ಕೈತಪ್ಪುತ್ತದೆ. ಮುಂದೆ ಬಂಕಾಪುರದ್ದೋ ಚಳಗೇರಿಯದ್ದೋ ಟೋಲ್ ಕಾಣುತ್ತಿದ್ದಂತೆ ಗೇರಿನಲ್ಲೇ ಕಾಲು ತೆಗೆದು ತೇಲಿಸಿಕೊಂಡು ಬರುವವನು ಬ್ರೇಕನ್ನೂ ಉಳಿಸುತ್ತಾನೆ. ಟೋಲಿನವರೆಗೆ ರಭಸದಿಂದ ಬಂದು ಬ್ರೇಕ್ ಒತ್ತುವವನು ಈಗಾಗಲೇ ಸುಟ್ಟ ಪೆಟ್ರೋಲನ್ನು ಬ್ರೇಕಿನ ಬಿಸಿಯಾಗಿ ಚೆಲ್ಲುತ್ತಾನೆ.

ಬ್ಯಾಡಗಿಯ ಲೆಕ್ಕವೇ ಬೇರೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಕೆಲವೇ ಕಿ.ಮೀ. ಒಳಗೆ ಹೋದರೆ ಊರು. ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ದಿನ ಲಾರಿ, ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಕಾರು ಮೊದಲ ಗೇರಿನಲ್ಲಿ ತೆವಳಬೇಕು. ಇಲ್ಲಿ ಗಾಳಿಯ ಪ್ರತಿರೋಧದ ಮಾತಿಲ್ಲ, ನಿಂತಲ್ಲೇ ಉರಿಯುವ ಎಂಜಿನ್ನಿನದೇ ಖರ್ಚು. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆರಿಸಿ ಮತ್ತೆ ಚಾಲೂ ಮಾಡುವುದೇ ಅಗ್ಗ. ಇನ್ನು ಮನೆಯಿಂದ ಪೇಟೆಗೆ ಒಂದೆರಡು ಕಿ.ಮೀ. ಹೋಗಿಬರುವ ಕಾರು ಎಂಜಿನ್ ಕಾಯುವುದರೊಳಗೆ ನಿಂತುಬಿಡುತ್ತದೆ. ತಣ್ಣನೆಯ ಎಂಜಿನ್ ಹೆಚ್ಚು ಕುಡಿಯುತ್ತದೆ. ಅಲ್ಲಿ ಸಲಹೆಯೊಂದೇ: ಸೈಕಲ್ ಅಥವಾ ನಡಿಗೆ.

ಹೊಲದ ಜೋಳ, ಟ್ಯಾಂಕಿನ ಎಥೆನಾಲ್

ಈಚಿನ ವರ್ಷಗಳಲ್ಲಿ ಮೈಲೇಜು ಇಳಿದಿದೆ ಎಂಬ ದೂರಿಗೆ ಚಾಲಕನ ಕಾಲಿನ ಹೊರತಾದ ಕಾರಣವೂ ಇದೆ. ಪಂಪುಗಳಲ್ಲಿ ಈಗ ಸಿಗುತ್ತಿರುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಬೆರಕೆಯಿಲ್ಲದ ಪೆಟ್ರೋಲಿಗೆ ರೂಪಿಸಿ ಶೇ. 10ರ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಶೇ. 20ರ ಬೆರಕೆಗೆ ಹೊಂದಿಸಿದ ಹೊಸ ಕಾರುಗಳಲ್ಲಿ ಇಳಿಕೆ ಶೇ. 1ರಿಂದ 2.

ಎಥೆನಾಲಿಗೆ ಬಳಕೆಯಾಗುವ ಬೆಳೆಗಳಲ್ಲಿ ಮೆಕ್ಕೆಜೋಳವೂ ಒಂದು. ಹಾವೇರಿಯೋ ಮೆಕ್ಕೆಜೋಳದ ಜಿಲ್ಲೆ. 2025ರ ಕೊನೆಯಲ್ಲಿ ಬೆಲೆ ಕುಸಿದು ರೈತರು ಬೀದಿಗಿಳಿದಾಗ ಎಥೆನಾಲ್ ಕಾರ್ಖಾನೆಗಳು ಎಷ್ಟು ಜೋಳ ಕೊಳ್ಳಬೇಕೆಂಬುದೇ ಚರ್ಚೆಯ ಮುಖ್ಯ ಅಂಶವಾಗಿತ್ತು. ಕಾರೂ ಹೊಲವೂ ಇರುವ ಮನೆಗೆ ಹೀಗೆ ಒಂದು ಕೈಯ ನಷ್ಟ ಇನ್ನೊಂದು ಕೈಯ ಆಸೆಯಾಗಿದೆ.

ತನ್ನ ಕಾರಿಗೆ ಆಗಿರುವುದೇನೆಂದು ತಿಳಿಯಬಯಸುವವರು ಡ್ಯಾಶ್‌ಬೋರ್ಡಿನ ಅಂಕಿಯನ್ನು ಪೂರ್ಣ ನಂಬಬಾರದು. ಒಂದೇ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ನಳಿಕೆ ತಾನಾಗಿ ಕಟ್ ಆದಲ್ಲೇ ನಿಲ್ಲಿಸಿ ಕಿ.ಮೀ. ಬರೆದುಕೊಳ್ಳಬೇಕು. ಮುಂದಿನ ಸಲ ಅದೇ ಪಂಪಿನಲ್ಲಿ ಅಷ್ಟೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಹಾಕಿಸಿದ ಲೀಟರಿನಿಂದ ಭಾಗಿಸಬೇಕು. ಒಂದು ಸಲದ ಲೆಕ್ಕ ಸಾಲದು; ಮೂರು ನಾಲ್ಕು ಸಲದ ಸರಾಸರಿ ಬೇಕು. ಎಥೆನಾಲಿನ ಪಾಲನ್ನು ಕಳೆದೂ ಶೇ. 15-20ರಷ್ಟು ಇಳಿಕೆ ಕಂಡರೆ ಬ್ರೇಕ್ ಹಿಡಿದುಕೊಂಡಿದೆಯೇ, ಸ್ಪಾರ್ಕ್ ಪ್ಲಗ್, ಆಕ್ಸಿಜನ್ ಸೆನ್ಸರ್ ಸರಿಯಿವೆಯೇ ಎಂದು ಗ್ಯಾರೇಜಿನಲ್ಲಿ ನೋಡಿಸಬೇಕು. ಹೋಗುವಾಗ ಲೆಕ್ಕದ ಚೀಟಿಯನ್ನೂ ಜೊತೆಗೊಯ್ದರೆ ಮೆಕ್ಯಾನಿಕ್ಕನಿಗೂ ಕೆಲಸ ಸುಲಭ.