ಹಾಜರಿಗೂ ಕೂಲಿಗೂ ನಡುವಿನ ಕೊಂಡಿಗಳು

ಸೊರಬ ತಾಲ್ಲೂಕಿನ ಕ್ಯಾಸನೂರಿನಂಥ ಊರಿಗೂ ಬೆಂಗಳೂರಿನ ಕಂಪನಿಗಳ ಎಚ್‌ಆರ್ ವಿಭಾಗಕ್ಕೂ ಎಲ್ಲಿಯ ಸಂಬಂಧ ಎಂದು ಯಾರಿಗಾದರೂ ಅನಿಸಬಹುದು. ಆದರೆ ಎಚ್‌ಆರ್ ಎಂದರೆ ಕೊನೆಗೂ ಐದಾರು ಕೆಲಸ: ಯಾರಿಗೆ ಕೆಲಸ ಬೇಕು ಎಂದು ಬರೆದುಕೊಳ್ಳುವುದು, ಆರಿಸುವುದು, ಕೆಲಸಕ್ಕೆ ಹಚ್ಚುವುದು, ಹಾಜರಿ ಹಿಡಿಯುವುದು, ಸಂಬಳ ಕೊಡುವುದು, ದೂರು ಕೇಳುವುದು. ಇಷ್ಟನ್ನೂ ಕಂಪ್ಯೂಟರಿಗೆ ಒಪ್ಪಿಸಿ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾಹಿತಿ ತಾನಾಗಿ ಹರಿಯುವಂತೆ ಮಾಡಿದ ನಮ್ಮ ದೇಶದ ಬಹುದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ಕೆರೆ ಹೂಳು ತೆಗೆಯುವ, ಬದು ಹಾಕುವ, ಟ್ರೆಂಚ್ ಹೊಡೆಯುವ ಜಾಗಗಳಲ್ಲಿ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ, ನಾವು ನರೇಗಾ ಎಂದು ಕರೆಯುವ ಯೋಜನೆಯಲ್ಲಿ, ಕೂಲಿಕಾರರ ಹೆಸರು, ಹಾಜರಿ, ಕೂಲಿ ಎಲ್ಲವೂ ಹಂತಹಂತವಾಗಿ ಆಟೊಮೇಷನ್‌ಗೆ ಒಳಪಟ್ಟವು. ಈ ಅನುಭವದಿಂದ ಕಲಿಯಬೇಕಾದ ಮುಖ್ಯ ಪಾಠ ಒಂದಿದೆ. ತಂತ್ರಾಂಶಗಳನ್ನು ಜೋಡಿಸಿದಾಗ ತೊಡಕು ಹೆಚ್ಚಾಗಿ ಹುಟ್ಟುವುದು ಅವುಗಳ ನಡುವಿನ ಕೊಂಡಿಗಳಲ್ಲಿ. ಪ್ರತಿ ಕೊಂಡಿಗೂ ಹೆಸರು ಹಿಡಿದು ಕೇಳಬಹುದಾದ ಒಬ್ಬ ಹೊಣೆಗಾರ ಇಲ್ಲದಿದ್ದರೆ ಆ ಜೋಡಣೆ ಎಷ್ಟೇ ಚುರುಕಾಗಿದ್ದರೂ ದುಡಿದವರಿಗೆ ಅನ್ಯಾಯವೇ ಆಗುತ್ತದೆ. ನೇಮಕಾತಿ ಮತ್ತು ಸಿಬ್ಬಂದಿ ನಿರ್ವಹಣೆಯಲ್ಲಿ ಇರುವವರು ಈ ಕ್ಷೇತ್ರದ ಪದಗಳನ್ನು ಕಲಿಯಬೇಕಾದದ್ದು ಇದೇ ಕಾರಣಕ್ಕೆ.

ಸರಪಳಿಯನ್ನು ಹತ್ತಿರದಿಂದ ನೋಡೋಣ. ಕೂಲಿಕಾರರು ನಮೂನೆ 6ರಲ್ಲಿ ಕೆಲಸ ಕೇಳುತ್ತಾರೆ. ಆ ಬೇಡಿಕೆ ಕಂಪ್ಯೂಟರಿಗೆ ಏರಿದ ಮೇಲೆ ಅವರ ಹೆಸರಿರುವ ಎನ್‌ಎಂಆರ್, ಅಂದರೆ ಹಾಜರಿ ಪಟ್ಟಿ, ಸಿದ್ಧವಾಗುತ್ತದೆ. ಒಂದು ಘಟನೆ ಮುಂದಿನ ಕೆಲಸವನ್ನು ಹೀಗೆ ಚಾಲೂ ಮಾಡುವುದಕ್ಕೆ ಟ್ರಿಗರ್ ಎನ್ನುತ್ತಾರೆ. ಇಂಥ ಹೆಜ್ಜೆಗಳ ಇಡೀ ಸಾಲು ವರ್ಕ್‌ಫ್ಲೋ. ಕೆಲಸದ ಜಾಗದಲ್ಲಿ ಕಾಯಕ ಬಂಧು ಎನ್‌ಎಂಎಂಎಸ್ ಆ್ಯಪ್ ತೆರೆದು ಹಾಜರಿ ಹಾಕಿ, ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆಯಬೇಕು. ಜಾಗ ಮತ್ತು ಸಮಯ ಫೋಟೊದಲ್ಲೇ ದಾಖಲಾಗುತ್ತದೆ. 2021ರಲ್ಲಿ ಶುರುವಾದ ಈ ಆ್ಯಪ್ 2023ರ ಜನವರಿಯಿಂದ ಬಹುತೇಕ ಎಲ್ಲ ಸಾಮುದಾಯಿಕ ಕಾಮಗಾರಿಗಳಿಗೆ ಕಡ್ಡಾಯವಾಯಿತು. ಆಮೇಲೆ ಎಂಜಿನಿಯರ್ ಅಳತೆ, ಬಳಿಕ ಎಫ್‌ಟಿಒ ಎಂಬ ಹಣ ವರ್ಗಾವಣೆ ಆದೇಶ, ಅದಕ್ಕೆ ಇಬ್ಬರ ಡಿಜಿಟಲ್ ಸಹಿ. ಅಲ್ಲಿಂದ ಆದೇಶ ಕೇಂದ್ರದ ಪಿಎಫ್‌ಎಂಎಸ್ ತಂತ್ರಾಂಶಕ್ಕೆ ಹೋಗುತ್ತದೆ. ಯಾವ ಆಧಾರ್ ಸಂಖ್ಯೆಗೆ ಯಾವ ಬ್ಯಾಂಕ್ ಎಂದು ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐನ, ಪಟ್ಟಿಯಲ್ಲಿ ನೋಡಿಕೊಂಡು ಹಣ ಖಾತೆಗೆ ಇಳಿಯುತ್ತದೆ. ಒಂದು ತಂತ್ರಾಂಶ ಇನ್ನೊಂದಕ್ಕೆ ಗೊತ್ತುಪಡಿಸಿದ ಕ್ರಮದಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಕಿಂಡಿಯೇ ಎಪಿಐ. ಇಂಥ ಕಿಂಡಿಗಳ ಮೂಲಕ ಹಲವು ತಂತ್ರಾಂಶಗಳನ್ನು ಒಂದೇ ಸರಪಳಿ ಮಾಡುವುದು ಸಿಸ್ಟಮ್ ಇಂಟಿಗ್ರೇಷನ್. ಖಾಸಗಿ ಕಂಪನಿಯಲ್ಲೂ ನಡೆಯುವುದು ಇದೇ. ಅರ್ಜಿ ಸೋಸುವ ಎಟಿಎಸ್, ಸಿಬ್ಬಂದಿ ವಿವರ ಇಡುವ ಎಚ್‌ಆರ್‌ಎಂಎಸ್, ಬೆರಳಚ್ಚು ಹಾಜರಿ ಯಂತ್ರ, ಸಂಬಳದ ಪೇರೋಲ್, ಭವಿಷ್ಯನಿಧಿಯ ಪೋರ್ಟಲ್ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ.

ಇಂಥ ಸರಪಳಿ ಎಷ್ಟು ಸಣ್ಣ ಕಾರಣಕ್ಕೆ ಕಡಿದುಹೋಗಬಹುದು ಎಂಬುದನ್ನು ಹೆಸರುಗಳಲ್ಲೇ ನೋಡಬಹುದು. ಗೌರಮ್ಮ ಎಂಬ ಹೆಸರು ಕನ್ನಡದಲ್ಲಿ ಒಂದೇ ರೀತಿ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ಮುಂದೆ ಒಬ್ಬರು ಒ, ಡಬ್ಲ್ಯು ಹಾಕುತ್ತಾರೆ, ಇನ್ನೊಬ್ಬರು ಒ, ಯು ಹಾಕುತ್ತಾರೆ, ಮತ್ತೊಬ್ಬರು ಎ, ಯು ಹಾಕುತ್ತಾರೆ. ಗಂಡನ ಹೆಸರಿನ ಇನಿಷಿಯಲ್ ಒಂದು ದಾಖಲೆಯಲ್ಲಿ ಹಿಂದೆ ಇರುತ್ತದೆ, ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಇರುವುದೇ ಇಲ್ಲ. ಉದ್ಯೋಗ ಚೀಟಿ ಮತ್ತು ಆಧಾರ್ ಕಾರ್ಡಿನ ವಿವರ ತಾಳೆಯಾಗದಿದ್ದರೆ ಯಂತ್ರದ ಲೆಕ್ಕದಲ್ಲಿ ಅವರು ಬೇರೆ ಬೇರೆ ಜನ. 2024ರ ಜನವರಿ 1ರಿಂದ ಆಧಾರ್ ಆಧಾರಿತ ಪಾವತಿ ಕಡ್ಡಾಯವಾದ ಮೇಲೆ ಈ ತಾಳೆ ಕೂಲಿಗೆ ದಾಟಲೇಬೇಕಾದ ಹೊಸ್ತಿಲಾಯಿತು. ಒಂದು ದಾಖಲೆಯ ಯಾವ ಕಾಲಂ ಇನ್ನೊಂದರ ಯಾವ ಕಾಲಂಗೆ ಹೊಂದಬೇಕು ಎಂದು ಗೊತ್ತುಮಾಡುವುದಕ್ಕೆ ಡೇಟಾ ಮ್ಯಾಪಿಂಗ್ ಎನ್ನುತ್ತಾರೆ. ಭಿನ್ನಾಭಿಪ್ರಾಯ ಬಂದಾಗ ಯಾವ ದಾಖಲೆಯ ಮಾತು ನಡೆಯಬೇಕು ಎಂದು ಮೊದಲೇ ತೀರ್ಮಾನಿಸಿದ ಮೂಲ ವಿವರಕ್ಕೆ ಮಾಸ್ಟರ್ ಡೇಟಾ ಎನ್ನುತ್ತಾರೆ. ಕೇಳುವಾಗ ಇವು ಎಂಜಿನಿಯರುಗಳಿಗೆ ಬಿಟ್ಟ ವಿಷಯ ಅನಿಸುತ್ತವೆ. ಆದರೆ ಗೌರಮ್ಮನ ಕೂಲಿ ಬರುತ್ತದೆಯೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಇಲ್ಲೇ. ಹಾಗಾಗಿ ತಪ್ಪು ತಿದ್ದಲು ಎಲ್ಲಿಗೆ ಹೋಗಬೇಕು, ಪಂಚಾಯಿತಿಗೋ ಬ್ಯಾಂಕಿಗೋ ಆಧಾರ್ ಕೇಂದ್ರಕ್ಕೋ, ಎಂದು ಹೇಳುವ ಒಬ್ಬರು ಇರಲೇಬೇಕು.

ಎರಡನೆಯ ಸಾಕ್ಷ್ಯ ಗಡುವಿನದು. ಎಷ್ಟು ದಿನದೊಳಗೆ ಕೆಲಸ ಮುಗಿಯಬೇಕು ಎಂಬ ಒಪ್ಪಂದಕ್ಕೆ ಈ ಕ್ಷೇತ್ರದಲ್ಲಿ ಎಸ್‌ಎಲ್‌ಎ ಎನ್ನುತ್ತಾರೆ. ನರೇಗಾ ಕಾಯ್ದೆಯಲ್ಲಿ ಅದು 15 ದಿನ. ಅದು ಮೀರಿದರೆ ಬಾಕಿ ಕೂಲಿಯ ಮೇಲೆ ದಿನಕ್ಕೆ ಶೇ 0.05ರಷ್ಟು ಪರಿಹಾರ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಆರು ದಿನದ 2,220 ರೂಪಾಯಿ ತಡವಾದರೆ ದಿನಕ್ಕೆ ಸಿಗುವ ಪರಿಹಾರ ಒಂದು ರೂಪಾಯಿ ಹನ್ನೊಂದು ಪೈಸೆ. ಮೊತ್ತ ಚಿಕ್ಕದು, ನಿಜ. ಆದರೆ ತಂತ್ರಾಂಶ ಆ ಚಿಕ್ಕ ಮೊತ್ತವನ್ನೂ ಪೂರ್ತಿ ಲೆಕ್ಕ ಹಾಕುತ್ತಿರಲಿಲ್ಲ. ಎಫ್‌ಟಿಒ ಸಿದ್ಧವಾಗುವವರೆಗಿನ ವಿಳಂಬವನ್ನಷ್ಟೇ ಅದು ಎಣಿಸುತ್ತಿತ್ತು. ಅದಾದ ಮೇಲೆ ಕೇಂದ್ರದ ಹಂತದಲ್ಲಿ ಕಳೆದ ದಿನಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. 2018ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕೂಲಿಕಾರರ ಪಾಲಿಗೆ ವಿಳಂಬ ಒಂದೇ, ಅದು ಯಾವ ಹಂತದ್ದು ಎಂಬುದು ಸರ್ಕಾರಗಳ ಒಳಗಿನ ವಿಚಾರ ಎಂಬುದು ಆ ತೀರ್ಪಿನ ತಾತ್ಪರ್ಯ. ಗಡಿಯಾರ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ತಂತ್ರಾಂಶ ತಾನೇ ಆರಿಸಿಕೊಳ್ಳುವುದಿಲ್ಲ. ಅದನ್ನು ಮನುಷ್ಯರು ಬರೆದಿರುತ್ತಾರೆ. ಬರೆದವರನ್ನು ಪ್ರಶ್ನಿಸಬೇಕಾದರೆ ಎಸ್‌ಎಲ್‌ಎ ಎಂದರೇನು ಎಂಬುದು ಕೇಳುವವರಿಗೆ ಗೊತ್ತಿರಬೇಕು.

ಮೂರನೆಯ ಸಾಕ್ಷ್ಯ ಆಶಾ ಕಾರ್ಯಕರ್ತೆಯರದು, ಅದಕ್ಕೆ ಮತ್ತೆ ಕ್ಯಾಸನೂರಿಗೇ ಹೋಗೋಣ. ಆ ಊರಿನ ಹೆಸರು ಜಗತ್ತಿಗೆ ಗೊತ್ತಾದದ್ದು 1957ರಲ್ಲಿ, ಅಲ್ಲಿನ ಕಾಡಿನಲ್ಲಿ ಸಾಯುತ್ತಿದ್ದ ಮಂಗಗಳಿಂದ ಹೊಸ ವೈರಸ್ ಪತ್ತೆಯಾದಾಗ. ಅದು ತರುವ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಬೇಸಿಗೆ ಬಂತೆಂದರೆ ಮನೆಮನೆಗೆ ಹೋಗಿ ಜ್ವರ ವಿಚಾರಿಸುವವರು, ಉಣುಗು ಕಚ್ಚದಂತೆ ಮೈಗೆ ಹಚ್ಚುವ ತೈಲ ಹಂಚುವವರು ಆಶಾ ಕಾರ್ಯಕರ್ತೆಯರು. ಇವರ ಸಂಪಾದನೆಯ ಒಂದು ಭಾಗ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಮಾಡಿದ ಕೆಲಸ ತಾಯಿ–ಮಗುವಿನ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದಿದ್ದರೆ ಹಣ ಬರುವುದಿಲ್ಲ ಎಂಬುದು ರಾಜ್ಯದ ಆಶಾ ಕಾರ್ಯಕರ್ತೆಯರ ಬಹುಕಾಲದ ದೂರು. ಪೋರ್ಟಲ್‌ಗೂ ಪ್ರೋತ್ಸಾಹಧನಕ್ಕೂ ಹಾಕಿದ ಗಂಟು ಬಿಚ್ಚಬೇಕು ಎಂದು ಅವರ ಸಂಘ ಬೇಡಿಕೆ ಇಟ್ಟಿದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲುರಾತ್ರಿ ಧರಣಿ ಕೂತರು; ಕನಿಷ್ಠ ತಿಂಗಳಿಗೆ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಸರ್ಕಾರದಿಂದ ಬಂದ ಮೇಲೆ ಎದ್ದರು. ತಾಯಿ–ಮಕ್ಕಳ ದಾಖಲೆಗೆಂದು ಕಟ್ಟಿದ ವ್ಯವಸ್ಥೆಯನ್ನು ಸಂಬಳದ ಟ್ರಿಗರ್ ಮಾಡಿದಾಗ, ದಾಖಲೆಯ ಲೋಪ ಕೆಲಸಗಾರ್ತಿಯ ನಷ್ಟವಾಗುತ್ತದೆ. ಡೇಟಾ ಎಂಟ್ರಿ ಆಕೆಯ ಕೈಯಲ್ಲಿಲ್ಲ, ನೆಟ್‌ವರ್ಕ್ ಆಕೆಯ ಕೈಯಲ್ಲಿಲ್ಲ. ಆದರೂ ಕಡಿತವಾಗುವುದು ಆಕೆಯ ದುಡ್ಡು.

ಈ ವಾದಕ್ಕೊಂದು ಬಲವಾದ ಆಕ್ಷೇಪಣೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಾಗದದ ಕಾಲ ಚೆನ್ನಾಗಿತ್ತೇ? ಇರಲಿಲ್ಲ. ಸತ್ತವರ ಹೆಸರಲ್ಲಿ ಹಾಜರಿ, ಯಂತ್ರದಿಂದ ಮಾಡಿಸಿದ ಕೆಲಸಕ್ಕೆ ಸುಳ್ಳು ಎನ್‌ಎಂಆರ್, ಕೂಲಿಯಲ್ಲಿ ಮಧ್ಯವರ್ತಿಗೆ ಪಾಲು, ಇವೆಲ್ಲ ನಡೆದಿದ್ದವು. ಹಣ ನೇರ ಖಾತೆಗೆ ಬಂದದ್ದರಿಂದ ಕೂಲಿಕಾರರಿಗೆ, ಅದರಲ್ಲೂ ಹೆಂಗಸರಿಗೆ, ಒಳ್ಳೆಯದಾಗಿದೆ. ಆದರೆ ಯಂತ್ರ ಬಂದೊಡನೆ ಮೋಸ ನಿಂತಿತು ಎನ್ನುವುದು ನಿಜವಲ್ಲ. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಸುತ್ತೋಲೆ ಕಳಿಸಿ, ಎನ್‌ಎಂಎಂಎಸ್‌ನಲ್ಲಿ ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು, ಫೋಟೊವನ್ನೇ ತೆಗೆದ ಫೋಟೊಗಳು, ಬೆಳಿಗ್ಗೆ ಒಬ್ಬರು ಮಧ್ಯಾಹ್ನ ಇನ್ನೊಬ್ಬರು ಇರುವ ಹಾಜರಿಗಳು ಬರುತ್ತಿವೆ ಎಂದು ಹೇಳಿತು. ಪರಿಹಾರವಾಗಿ ಅದು ಹೇಳಿದ್ದೇನು? ಪಂಚಾಯಿತಿ ಮಟ್ಟದಲ್ಲಿ ಎಲ್ಲ ಫೋಟೊಗಳನ್ನೂ ಮನುಷ್ಯರು ಕಣ್ಣಾರೆ ನೋಡಿ ಪರಿಶೀಲಿಸಬೇಕು ಎಂದು. ನೋಡುವವರಿಲ್ಲದ ಫೋಟೊ ಪುರಾವೆಯಾಗುವುದಿಲ್ಲ ಎಂಬುದನ್ನು ಯೋಜನೆ ನಡೆಸುವವರೇ ಒಪ್ಪಿಕೊಂಡಂತಾಯಿತು.

ನೇಮಕಾತಿಗೂ ಇದೇ ಮಾತು ಅನ್ವಯಿಸುತ್ತದೆ. ಶಿಕಾರಿಪುರದಲ್ಲೋ ಸೊರಬದಲ್ಲೋ ಡಿಗ್ರಿ ಮುಗಿಸಿದ ಹುಡುಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದಾಗ ಅದನ್ನು ಮೊದಲು ಓದುವುದು ಎಷ್ಟೋ ಕಡೆ ಎಟಿಎಸ್. ರೆಸ್ಯೂಮೆಯಿಂದ ಓದು, ಅನುಭವ, ಕೌಶಲಗಳನ್ನು ಹೆಕ್ಕಿ ಕಾಲಂಗಳಿಗೆ ತುಂಬುವ ಈ ಕೆಲಸಕ್ಕೆ ಪಾರ್ಸಿಂಗ್ ಎನ್ನುತ್ತಾರೆ. ತುಂಬಿದ್ದನ್ನು ನೋಡಿ ಅಂಕ ಕೊಡುವುದು ಸ್ಕ್ರೀನಿಂಗ್. ಹಳೆಯ ನೇಮಕಾತಿಗಳನ್ನು ನೋಡಿ ಕಲಿತ ಯಂತ್ರ ಹಳೆಯ ಪಕ್ಷಪಾತವನ್ನೂ ಕಲಿಯುತ್ತದೆ. ಅಮೆಜಾನ್ ಕಂಪನಿ ಕಟ್ಟಿಕೊಂಡ ಇಂಥದ್ದೊಂದು ಸಾಧನ ಹೆಂಗಸರ ರೆಸ್ಯೂಮೆಗಳಿಗೆ ಅಂಕ ಕಡಿಮೆ ಮಾಡುತ್ತಿತ್ತೆಂದೂ ಕಂಪನಿ ಅದನ್ನು ಕೈಬಿಟ್ಟಿತೆಂದೂ 2018ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ಆಡಿಟ್ ಲಾಗ್, ಅಂದರೆ ಯಾವ ನಿರ್ಧಾರ ಯಾವಾಗ, ಯಾವ ನಿಯಮದಿಂದ ಆಯಿತು ಎಂಬ ದಾಖಲೆ, ಇಲ್ಲದ ಕಡೆ ತಿರಸ್ಕೃತರಾದವರಿಗೆ ಕಾರಣ ಹೇಳಲು ಎಚ್‌ಆರ್‌ನವರಿಗೂ ಸಾಧ್ಯವಿಲ್ಲ. ನಮ್ಮ ರಾಜ್ಯ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಆ್ಯಪ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾನೂನು, ಅವರ ಕೆಲಸದ ಮೇಲೆ ಪರಿಣಾಮ ಬೀರುವ ಸ್ವಯಂಚಾಲಿತ ನಿರ್ಧಾರಗಳು ಪಾರದರ್ಶಕವಾಗಿರಬೇಕು, ತೆಗೆದುಹಾಕುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಎನ್ನುತ್ತದೆ. ಡೆಲಿವರಿ ಹುಡುಗನಿಗೆ ಸಿಕ್ಕ ಈ ರಕ್ಷಣೆ ಕೂಲಿಕಾರರಿಗೂ ಆಶಾಗಳಿಗೂ ಉದ್ಯೋಗಾರ್ಥಿಗಳಿಗೂ ಸಿಗಬಾರದು ಎನ್ನಲು ಕಾರಣವೇ ಇಲ್ಲ.

ಮನುಷ್ಯರನ್ನು ನಡುವೆ ತಂದರೆ ಕಾಸು, ಶಿಫಾರಸು, ವಿಳಂಬ ಮತ್ತೆ ಬರುತ್ತವೆ ಎಂಬ ಅಂಜಿಕೆ ಇನ್ನೊಂದಿದೆ. ಅದಕ್ಕೆ ಉತ್ತರ ನಮ್ಮಲ್ಲೇ ಇದೆ. 2011ರ ಸಕಾಲ ಕಾಯ್ದೆ ಪ್ರತಿ ಸೇವೆಗೂ ಒಬ್ಬ ನಿಗದಿತ ಅಧಿಕಾರಿ, ಒಂದು ಗಡುವು, ಅರ್ಜಿಗೊಂದು ಸಂಖ್ಯೆ, ಮೇಲ್ಮನವಿಗೆ ಒಂದು ಜಾಗ ಗೊತ್ತುಮಾಡಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ನಿಗದಿ ಮಾಡಿತು. ಅಧಿಕಾರಿಯ ಕೆಲಸವೂ ದಾಖಲಾಗುವ ಕಡೆ ವಿವೇಚನೆ ಲಂಚಕ್ಕೆ ದಾರಿಯಾಗುವುದು ಕಷ್ಟ. ಹಾಜರಿ, ಸಂಬಳ, ನೇಮಕಾತಿಯ ಸರಪಳಿಗಳಿಗೂ ಇದೇ ಕಟ್ಟಳೆ ಹಾಕಬಹುದು. ಯಂತ್ರ ತಳ್ಳಿದ ಪ್ರತಿ ಪ್ರಕರಣವೂ, ಈ ಕ್ಷೇತ್ರದ ಮಾತಿನಲ್ಲಿ ಪ್ರತಿ ಎಕ್ಸೆಪ್ಷನ್, ಹೆಸರಿರುವ ಒಬ್ಬ ಅಧಿಕಾರಿಯ ಮುಂದೆ ಬರಬೇಕು. ಇಂತಿಷ್ಟು ದಿನದೊಳಗೆ ಇತ್ಯರ್ಥವಾಗಬೇಕು. ಯಾಕೆ ತಳ್ಳಿತು ಎಂಬುದು ಕೆಲಸಗಾರರಿಗೆ ಕನ್ನಡದಲ್ಲಿ ತಿಳಿಯಬೇಕು. ಇಂಥ ಪ್ರಕರಣ ಸಾವಿರಗಟ್ಟಲೆ ಬಂದರೆ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಅಷ್ಟು ಬಂದರೆ ಕೆಟ್ಟಿರುವುದು ಜೋಡಣೆ, ತಿದ್ದಬೇಕಾದದ್ದೂ ಅದನ್ನೇ.

ಎಚ್‌ಆರ್ ವೃತ್ತಿಯವರು ಈ ಪದಗಳನ್ನು ತಂತ್ರಜ್ಞರಿಗೆ ಬಿಟ್ಟುಕೊಟ್ಟರೆ, ಕೆಲಸಗಾರರ ಪರವಾಗಿ ಕೇಳಬೇಕಾದ ಪ್ರಶ್ನೆಗಳನ್ನೂ ಬಿಟ್ಟುಕೊಟ್ಟಂತೆ. ಹೊಸ ತಂತ್ರಾಂಶ ಕೊಳ್ಳುವ ಮೊದಲು ಅವರು ಕೇಳಲಿ: ಮೂಲ ವಿವರ ಯಾವುದು, ಹೆಸರು ತಾಳೆಯಾಗದಿದ್ದರೆ ಏನಾಗುತ್ತದೆ, ಗಡುವಿನ ಲೆಕ್ಕ ಎಲ್ಲಿ ಮುಗಿಯುತ್ತದೆ, ಕೊಂಡಿ ಕಡಿದ ದಿನ ಫೋನ್ ಎತ್ತುವವರು ಯಾರು. ಯೋಜನೆಯ ಹೆಸರು ಬದಲಾಗಬಹುದು, ಕಾಯ್ದೆ ಬದಲಾಗಬಹುದು, ಆ್ಯಪ್ ಅಂತೂ ಬದಲಾಗುತ್ತಲೇ ಇರುತ್ತದೆ. ದುಡಿದವರಿಗೆ ಹೇಳಿದ ದಿನಕ್ಕೆ ದುಡ್ಡು ಸೇರಿಸುವ ಹೊಣೆ ಮಾತ್ರ ಯಾವ ತಂತ್ರಾಂಶಕ್ಕೂ ವರ್ಗವಾಗುವುದಿಲ್ಲ. ಅದು ಕೆಲಸ ಕೊಟ್ಟವರದ್ದು, ಅವರ ಬಳಿಯೇ ಉಳಿಯಬೇಕು.